ಯಾರ ಮನೆಯ ಒಲೆಯಾದರೂ ಬೇಯಬೇಕು

ಕನ್ನಡ ಪಾಠ ಹೇಳುವ ಹೆಂಗಸಿಗೆ ಕಂಪ್ಯೂಟರಿನ ಭಾಷೆಗಳ ಉಸಾಬರಿ ಏಕೆ ಎಂದು ಹುಬ್ಬೇರಿಸುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮಿಕ್ಸಿಯ ಮೋಟಾರಿಗೆ ತಂತಿ ಸುತ್ತಲು ನನಗೆ ಬರುವುದಿಲ್ಲ. ಆದರೆ ಯಾವ ಮಿಕ್ಸಿಯಲ್ಲಿ ಚಟ್ನಿ ನುಣ್ಣಗಾಗುತ್ತದೆ, ಯಾವುದರ ಬ್ಲೇಡು ಮೊಂಡಾದರೆ ನಮ್ಮ ಊರಿನಲ್ಲೇ ಬದಲಿ ಸಿಗುತ್ತದೆ, ಯಾವುದು ವೋಲ್ಟೇಜು ಇಳಿದರೆ ಮುನಿಸಿಕೊಂಡು ಕೂರುತ್ತದೆ ಎಂದು ಹೇಳುವ ಅಧಿಕಾರ ದಿನಾ ಅರೆಯುವವಳಿಗೆ ಇದ್ದೇ ಇದೆ. ತಯಾರಿಸಿದವನು ಅದನ್ನು ಕೇಳಿಸಿಕೊಳ್ಳಬೇಕು. ಕಂಪ್ಯೂಟರಿನ ಪ್ರೋಗ್ರಾಂಗಳ ವಿಷಯದಲ್ಲಿ ಮಾತ್ರ ಈ ನ್ಯಾಯ ತಲೆಕೆಳಗಾಗಿದೆ. ಬರೆಯುವವರು ತಮಗೆ ಬಂದ ಭಾಷೆಯಲ್ಲಿ, ತಮ್ಮ ಮೇಜಿನ ಮೇಲಿನ ಯಂತ್ರಕ್ಕೆ ಒಪ್ಪುವಂತೆ ಬರೆದು ಕೊಡುತ್ತಾರೆ. ಬಳಸುವವರು ಬಾಯಿ ಮುಚ್ಚಿಕೊಂಡು ತಮ್ಮ ಯಂತ್ರವನ್ನೇ ಬದಲಾಯಿಸಿಕೊಳ್ಳಬೇಕು! ಇದು ಸರಿಯಲ್ಲ ಎಂದು ಹೇಳುವುದಕ್ಕೇ ಈ ಬರಹ.

ವಿಷಯ ನನ್ನ ತಲೆಗೆ ಹತ್ತಿದ್ದು ಛಂದಸ್ಸಿನ ದೆಸೆಯಿಂದ. ಪ್ರೌಢಶಾಲೆಯ ಮಕ್ಕಳಿಗೆ ಪ್ರಸ್ತಾರ ಹಾಕುವುದನ್ನು ಕಲಿಸುವುದು ಎಷ್ಟು ತಾಳ್ಮೆಯ ಕೆಲಸವೆಂದು ಕಲಿಸಿದವರಿಗೇ ಗೊತ್ತು. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು, ಒತ್ತಕ್ಷರದ ಹಿಂದಿನದು ಗುರು, ಅನುಸ್ವಾರ ವಿಸರ್ಗಗಳಿಂದ ಕೂಡಿದ್ದು ಗುರು ಎಂದು ಹೇಳಿ ಹೇಳಿ, ನಲವತ್ತೈದು ಮಕ್ಕಳ ಪುಸ್ತಕ ತಿದ್ದುವಷ್ಟರಲ್ಲಿ ಕಣ್ಣು ಮಂಜಾಗುತ್ತದೆ. ಮಗು ಒಂದು ಸಾಲು ಬರೆದು ಗುರುತು ಹಾಕಿದರೆ, ತಪ್ಪಿದ್ದಲ್ಲಿ ಏಕೆ ತಪ್ಪು ಎಂದು ತೋರಿಸುವ ಒಂದು ಪುಟ್ಟ ತಂತ್ರಾಂಶ ಇರಬೇಕೆಂದು ನನಗೆ ಬಹಳ ದಿನದ ಆಸೆ. ಬೆಂಗಳೂರಿನಲ್ಲಿ ಪ್ರೋಗ್ರಾಂ ಬರೆಯುವ ಕೆಲಸದಲ್ಲಿರುವ ನನ್ನ ತಂಗಿಯ ಮಗ, "ಅದೇನು ಮಹಾ ದೊಡ್ಡಮ್ಮ, ಎರಡು ಭಾನುವಾರದ ಕೆಲಸ" ಎಂದ. ಸಂತೋಷವಾಯಿತು. ಆದರೆ ಅವನ ಮುಂದಿನ ಮಾತಿಗೇ ಜಗಳ ಶುರುವಾಯಿತು. "ವಿಂಡೋಸಿಗೆ ಮಾತ್ರ ಬರೆದುಬಿಡ್ತೀನಿ. ಹೇಗೂ ಎಲ್ಲರ ಹತ್ರಾನೂ ಇರೋದು ಅದೇ ತಾನೆ?"

ಹೀಗೆ ಹೇಳಿದವನ ತೊಡೆಯ ಮೇಲಿದ್ದದ್ದು ಮ್ಯಾಕ್! ವಿಂಡೋಸ್ ಇಲ್ಲದವನೇ ಎಲ್ಲರ ಬಳಿಯೂ ವಿಂಡೋಸ್ ಇದೆ ಎಂದು ತೀರ್ಪು ಕೊಟ್ಟಿದ್ದ.

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಕಥೆ ಕೇಳಿ. ಅಲ್ಲಿ ಹನ್ನೊಂದು ಯಂತ್ರಗಳಿವೆ. ಒಂದೊಂದೂ ಒಂದೊಂದು ಕಾಲದಲ್ಲಿ ಒಬ್ಬೊಬ್ಬ ದಾನಿಯಿಂದ ಬಂದದ್ದು. ನಾಲ್ಕರಲ್ಲಿ ವಿಂಡೋಸ್ ೭, ಮೂರರಲ್ಲಿ ವಿಂಡೋಸ್ ೧೦, ಉಳಿದ ನಾಲ್ಕರಲ್ಲಿ ಉಬುಂಟು ಎಂಬ ಲಿನಕ್ಸ್. ವಿಂಡೋಸ್ ೭ಕ್ಕೆ ಕಂಪನಿಯ ಬೆಂಬಲ ೨೦೨೦ರ ಜನವರಿ ೧೪ಕ್ಕೆ ಮುಗಿಯಿತು. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ನಿಂತಿತು. ವಿಂಡೋಸ್ ೧೧ ಹಾಕಿಕೊಳ್ಳೋಣವೆಂದರೆ ಅದು ಕನಿಷ್ಠ ೪ ಗಿಗಾಬೈಟ್ ಮೆಮೊರಿ ಕೇಳುತ್ತದೆ, ಜೊತೆಗೆ ಟಿಪಿಎಂ ೨.೦ ಎಂಬ ರಕ್ಷಣಾ ಚಿಪ್ಪು ಕೇಳುತ್ತದೆ. ನಮ್ಮ ಹಳೆಯ ಯಂತ್ರಗಳಲ್ಲಿ ಇರುವುದು ಎರಡೇ ಗಿಗಾಬೈಟ್. ಚಿಪ್ಪಿನ ಮಾತು ದೂರವೇ ಉಳಿಯಿತು. ಇಂಥ ಯಂತ್ರಗಳನ್ನು ಗುಜರಿಗೆ ಹಾಕಬೇಕು, ಇಲ್ಲವೇ ಲಿನಕ್ಸ್ ಹಾಕಿ ಇನ್ನೂ ನಾಲ್ಕಾರು ವರ್ಷ ದುಡಿಸಿಕೊಳ್ಳಬೇಕು. ಬಡ ಶಾಲೆ ಯಾವ ದಾರಿ ಹಿಡಿಯುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನೆರೆಯ ಕೇರಳವಂತೂ ತನ್ನ ಸರ್ಕಾರಿ ಶಾಲೆಗಳ ಗಣಕ ಶಿಕ್ಷಣವನ್ನೇ ಲಿನಕ್ಸಿನ ಮೇಲೆ ಕಟ್ಟಿದೆ. ನಮ್ಮಲ್ಲೂ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ಉಬುಂಟುವಿನ ಮೇಲೆ ತರಬೇತಿಗಳು ನಡೆದಿವೆ. ಹಾಗಿರುವಾಗ 'ಎಲ್ಲರ ಹತ್ರಾನೂ' ಎಂಬ ಮಾತಿನಲ್ಲಿ ಈ ಮಕ್ಕಳು ಲೆಕ್ಕಕ್ಕೇ ಬರಲಿಲ್ಲವೇ?

ಒಂದು ಯಂತ್ರಕ್ಕೆ ಬರೆದದ್ದು ಇನ್ನೊಂದರಲ್ಲಿ ಏಕೆ ನಡೆಯುವುದಿಲ್ಲ ಎಂದು ನನಗೆ ಮೊದಮೊದಲು ಅರ್ಥವಾಗುತ್ತಿರಲಿಲ್ಲ. ಈಗ ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳಬಲ್ಲೆ. ಹುಳಿ ಮಾಡುವ ವಿಧಾನ ಯಾರ ಮನೆಗೆ ಹೋದರೂ ಒಂದೇ. ಆದರೆ ಆ ವಿಧಾನವನ್ನು ಬರೆದುಕೊಟ್ಟವಳು 'ಎಡಗಡೆ ಗೂಡಿನ ಮೂರನೆಯ ಡಬ್ಬಿಯಿಂದ ಸಾಸಿವೆ ತೆಗೆದುಕೊಳ್ಳಿ' ಎಂದು ಬರೆದರೆ ಅದು ಅವಳ ಮನೆಯಲ್ಲಿ ಮಾತ್ರ ನಡೆಯುತ್ತದೆ. ನಮ್ಮ ಮನೆಯ ಮೂರನೆಯ ಡಬ್ಬಿಯಲ್ಲಿ ಅಡುಗೆ ಸೋಡ ಇರಬಹುದು! ಪರದೆಯ ಮೇಲೆ ಒಂದು ಕಿಟಕಿ ತೆರೆಯಲು, ಒಂದು ಗುಂಡಿ ಮೂಡಿಸಲು, ಒಂದು ಕಡತ ಉಳಿಸಲು ಪ್ರೋಗ್ರಾಂ ಪ್ರತಿಸಲವೂ ಆ ಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ಕೇಳಬೇಕು. ವಿಂಡೋಸಿನ ಡಬ್ಬಿಗಳು ಬೇರೆ, ಮ್ಯಾಕಿನವು ಬೇರೆ, ಲಿನಕ್ಸಿನವು ಬೇರೆ. ಆದ್ದರಿಂದ ಯಾವ ಭಾಷೆಯಲ್ಲಿ ಬರೆಯುತ್ತೇವೆ, ಅದರ ಜೊತೆಗೆ ಯಾವ ಸಲಕರಣೆ ಇಟ್ಟುಕೊಳ್ಳುತ್ತೇವೆ ಎಂಬುದರ ಮೇಲೆ ಆ ಪ್ರೋಗ್ರಾಂ ಎಷ್ಟು ಮನೆಗಳಲ್ಲಿ ಬೇಯುತ್ತದೆ ಎಂಬುದು ನಿಂತಿದೆ.

ಇದು ಬರೀ ಶಾಲೆಯ ಮಾತಲ್ಲ. ನಮ್ಮ ಊರಿನ ಮಹಿಳೆಯರ ಒಂದು ಉಳಿತಾಯದ ಸಂಘ ಲೆಕ್ಕಪತ್ರಕ್ಕೆಂದು ಒಬ್ಬರಿಂದ ಪ್ರೋಗ್ರಾಂ ಬರೆಸಿತ್ತು. ಅವರು ಬರೆದದ್ದು ವಿಂಡೋಸಿನಲ್ಲಿ ಮಾತ್ರ ನಡೆಯುವ, ಆಗಲೇ ಹಳತಾಗಿದ್ದ ಒಂದು ಭಾಷೆಯಲ್ಲಿ. ಏಳು ವರ್ಷದ ಸಾಲ, ಬಡ್ಡಿ, ಕಂತು ಎಲ್ಲವೂ ಅದರೊಳಗೆ ಹೋಯಿತು. ಯಂತ್ರ ಸುಟ್ಟುಹೋದಾಗ ಬೇರೆ ಯಂತ್ರ ತಂದರು. ಪ್ರೋಗ್ರಾಂ ಅದರಲ್ಲಿ ಏಳಲಿಲ್ಲ. ಬರೆದವರು ಊರು ಬಿಟ್ಟು ಹೋಗಿದ್ದರು. ಕಡತಗಳನ್ನು ತೆರೆದರೆ ಏನೇನೋ ಚಿಹ್ನೆಗಳು. ಕಡೆಗೆ ಸಂಘದ ಕಾರ್ಯದರ್ಶಿ ಮನೆಮನೆಗೆ ಹೋಗಿ ಪಾಸ್‌ಬುಕ್ಕುಗಳನ್ನು ತರಿಸಿಕೊಂಡು, ಎರಡು ತಿಂಗಳು ಕೂತು ಲೆಕ್ಕವನ್ನು ಮತ್ತೆ ಕೈಯಲ್ಲಿ ಕಟ್ಟಿದರು. ಪಾಸ್‌ಬುಕ್ಕು ಕಳೆದುಕೊಂಡಿದ್ದ ಇಬ್ಬರು ಹೆಂಗಸರ ಮಾತನ್ನು ನಂಬಬೇಕೋ ಬೇಡವೋ ಎಂದು ಸಭೆಯಲ್ಲಿ ಚರ್ಚೆಯಾಯಿತು. ಕೂಲಿ ಮಾಡಿ ಕಟ್ಟಿದ ಹಣಕ್ಕೆ ಆ ತಾಯಂದಿರು ಆಣೆ ಮಾಡಿ ಸಾಕ್ಷಿ ಹೇಳಬೇಕಾಯಿತು. ಭಾಷೆ ಯಾವುದಾದರೇನು ಎನ್ನುವವರು ಆ ಸಭೆಯಲ್ಲಿ ಕೂತಿರಬೇಕಿತ್ತು.

ಹಾಗಾದರೆ ಯಾವ ಭಾಷೆ? ಹುಡುಗ ಒಂದೊಂದನ್ನೇ ಹೇಳುತ್ತ ಹೋದ. ನಾನು ಒಂದೊಂದನ್ನೇ ಜಾಲಾಡುತ್ತ ಹೋದೆ.

ಈ ತೊಂದರೆಗೆ ಮದ್ದು ಎಂದು ಸಾರಿಕೊಂಡೇ ಹುಟ್ಟಿದ್ದು ಜಾವಾ. ಸನ್ ಎಂಬ ಅಮೆರಿಕದ ಕಂಪನಿಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ರೂಪಿಸಿ ೧೯೯೫ರಲ್ಲಿ ಹೊರತಂದದ್ದು. ಒಮ್ಮೆ ಬರೆಯಿರಿ, ಎಲ್ಲಿ ಬೇಕಾದರೂ ಓಡಿಸಿ ಎಂಬುದು ಅದರ ಘೋಷಣೆ. ಯಾತ್ರೆಗೆ ಹೋಗುವವರು ತಮ್ಮ ಪಂಪ್ ಸ್ಟೌವನ್ನೂ ಕಟ್ಟಿಕೊಂಡು ಹೋಗುವಂತೆ, ಜಾವಾ ಪ್ರತಿ ಯಂತ್ರದಲ್ಲೂ ತನ್ನದೇ ಒಂದು ಕಲ್ಪಿತ ಯಂತ್ರವನ್ನು ಹೂಡಿಕೊಂಡು ಅದರ ಮೇಲೆ ಬೇಯಿಸುತ್ತದೆ. ನಮ್ಮ ಗಣಿತದ ಮೇಷ್ಟ್ರುಗಳು ಮೆಚ್ಚಿ ಬಳಸುವ ಜಿಯೋಜೀಬ್ರಾ ಇದೆಯಲ್ಲ, ಅದನ್ನು ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು ಆಸ್ಟ್ರಿಯಾದ ಸಾಲ್ಜ್‌ಬರ್ಗಿನಲ್ಲಿ ೨೦೦೧ರಲ್ಲಿ ಶುರುಮಾಡಿದ್ದು ಜಾವಾದಲ್ಲೇ. ಅದರಿಂದಲೇ ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆದು ಲೋಕದ ಶಾಲೆಗಳನ್ನೆಲ್ಲ ಹೊಕ್ಕಿತು. ಹಾಗೆಂದು ಜಾವಾ ದೋಷವಿಲ್ಲದ್ದಲ್ಲ. ಸನ್ ಕಂಪನಿಯನ್ನು ೨೦೧೦ರಲ್ಲಿ ಒರಾಕಲ್ ಕೊಂಡಿತು; ೨೦೧೯ರಲ್ಲಿ ವ್ಯಾಪಾರಕ್ಕೆ ಬಳಸುವವರ ಪರವಾನಗಿಯ ಷರತ್ತುಗಳು ಬದಲಾಗಿ ಅನೇಕರು ಗಾಬರಿಯಾದರು. ಮುಕ್ತವಾದ ಓಪನ್‌ಜೆಡಿಕೆ ಇರುವುದರಿಂದ ಬದುಕಿಕೊಂಡರು. ಭಾಷೆಯನ್ನು ಆರಿಸುವಾಗ ಅದರ ಯಜಮಾನ ಯಾರು ಎಂದೂ ಕೇಳಬೇಕು ಎಂಬುದಕ್ಕೆ ಇದೊಂದು ಪಾಠ. ಮೈಕ್ರೋಸಾಫ್ಟಿನ ಸಿ ಶಾರ್ಪ್ ಭಾಷೆಯೂ ಈಗ ಲಿನಕ್ಸಿನಲ್ಲಿ ನಡೆಯುತ್ತದೆ. ಆದರೆ ಹಲವು ಯಂತ್ರಗಳಿಗೆಂದು ಅದೇ ಕಂಪನಿ ೨೦೨೨ರಲ್ಲಿ ಕೊಟ್ಟ 'ಮಾಯಿ' ಎಂಬ ಸಲಕರಣೆಯ ಪಟ್ಟಿಯಲ್ಲಿ ಲಿನಕ್ಸಿಗೆ ಎಲೆಯೇ ಹಾಕಿರಲಿಲ್ಲ.

ಇನ್ನೊಂದು ಸಿ ಪ್ಲಸ್ ಪ್ಲಸ್. ಅದರ ಜೊತೆಗೆ ನಾರ್ವೆ ದೇಶದವರು ೧೯೯೫ರಲ್ಲಿ ಹೊರತಂದ 'ಕ್ಯೂಟ್' ಎಂಬ ಸಲಕರಣೆ. ಸಾಸಿವೆ ಬೇಕು ಎಂದಷ್ಟೇ ಹೇಳಿದರೆ ಸಾಕು, ಯಾವ ಮನೆಯಲ್ಲಿ ಯಾವ ಡಬ್ಬಿ ಎಂದು ಕ್ಯೂಟ್ ನೋಡಿಕೊಳ್ಳುತ್ತದೆ. ಆಕಾಶ ತೋರಿಸುವ ಸ್ಟೆಲೇರಿಯಂ ಹೀಗೆ ಬರೆದದ್ದು. ವೇಗ, ಗಟ್ಟಿತನ ಎರಡೂ ಇವೆ. ಆದರೆ ಈ ಭಾಷೆ ಕಲಿಯುವುದು ಸುಲಭವಲ್ಲ. ಬರೆದವನ ಬಿಟ್ಟು ಬೇರೆಯವರು ಕೈಹಾಕಲು ಹೆದರುತ್ತಾರೆ.

ನಮ್ಮ ಹುಡುಗನಿಗೆ ಮನಸ್ಸಿದ್ದದ್ದು ಜಾವಾಸ್ಕ್ರಿಪ್ಟ್ ಮತ್ತು ಎಲೆಕ್ಟ್ರಾನ್ ಮೇಲೆ. ಹೆಸರು ಕೇಳಿ ಜಾವಾದ ತಮ್ಮನೆಂದು ತಿಳಿಯಬೇಡಿ, ಅವೆರಡಕ್ಕೂ ನೆಂಟಸ್ತನವಿಲ್ಲ. ಗಿಟ್‌ಹಬ್ ಕಂಪನಿಯವರು ೨೦೧೩ರಲ್ಲಿ ಶುರುಮಾಡಿದ ಈ ಎಲೆಕ್ಟ್ರಾನ್ ಮಾಡುವುದೇನೆಂದರೆ, ಪ್ರತಿ ಪ್ರೋಗ್ರಾಮಿನ ಹೊಟ್ಟೆಯೊಳಗೆ ಕ್ರೋಮಿಯಂ ಎಂಬ ಇಡೀ ಬ್ರೌಸರನ್ನೇ ಇಟ್ಟು ಕಳಿಸುವುದು. ಮೂರೂ ಯಂತ್ರಗಳಲ್ಲಿ ಒಂದೇ ರೀತಿ ಕಾಣುತ್ತದೆ, ಒತ್ತಕ್ಷರವೂ ಸರಿಯಾಗಿ ಬರುತ್ತದೆ, ಬರೆಯುವವನಿಗೆ ಬೇಗ ಮುಗಿಯುತ್ತದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಲೋಟ ಕಾಫಿ ಕಳಿಸಿ ಎಂದರೆ ಅಡುಗೆಮನೆಯನ್ನೇ ಲಾರಿಗೆ ಹೇರಿ ಕಳಿಸುವ ರೀತಿ ಇದು. 'ನಮಸ್ಕಾರ' ಎಂದು ತೋರಿಸುವ ಪ್ರೋಗ್ರಾಂ ಕೂಡ ನೂರು ಮೆಗಾಬೈಟಿನ ಆಸುಪಾಸಿಗೆ ಹೋಗುತ್ತದೆ. ಹದಿನಾರು ಗಿಗಾಬೈಟ್ ಮೆಮೊರಿಯ ಮುಂದೆ ಕೂತವನಿಗೆ ಅದು ಲೆಕ್ಕಕ್ಕಿಲ್ಲ. ಎರಡು ಗಿಗಾಬೈಟಿನ ಯಂತ್ರದ ಮುಂದೆ ಮೂವರು ಮಕ್ಕಳು ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತು, ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಹತ್ತು ನಿಮಿಷ ಗಿರಗಿರ ತಿರುಗುವ ಚಕ್ರ ನೋಡುತ್ತಾರಲ್ಲ, ಆ ಹತ್ತು ನಿಮಿಷ ಯಾರದು? ಬರೆಯುವವನು ಉಳಿಸಿಕೊಂಡ ಸಮಯವನ್ನು ನಮ್ಮ ಮಕ್ಕಳು ತೆರಬೇಕೇ?

"ಹಾಗಾದ್ರೆ ಡೆಸ್ಕ್‌ಟಾಪೇ ಬೇಡ ದೊಡ್ಡಮ್ಮ, ಅಂತರ್ಜಾಲದಲ್ಲಿ ಇಟ್ಟುಬಿಡೋಣ" ಎಂದ. ಬೆಂಗಳೂರಿನವರ ಮಾತು ಹೀಗೆಯೇ. ಮಳೆಗಾಲದಲ್ಲಿ ನಮ್ಮ ಶಾಲೆಗೆ ಸಂಪರ್ಕ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇದ್ದ ಸಂಪರ್ಕವೂ ಕಛೇರಿಯ ಅರ್ಜಿಗಳನ್ನು ಏರಿಸುವುದಕ್ಕೇ ಸಾಲದು. ಕೋಣೆಯೊಳಗೆ ತನ್ನ ಪಾಡಿಗೆ ತಾನು ನಡೆಯುವ ಪ್ರೋಗ್ರಾಮಿನ ಬೆಲೆ ಇಂಥ ಕಡೆ ಪಾಠ ಮಾಡಿದವರಿಗೆ ಗೊತ್ತು.

ಈಗ ಕನ್ನಡದ ಪರೀಕ್ಷೆಗೆ ಬನ್ನಿ. ಯಾವ ಭಾಷೆಯನ್ನು ಹೊಗಳುವ ಮೊದಲೂ ಅದಕ್ಕೆ ನಾನು ಒಂದು ಪ್ರಶ್ನೆ ಹಾಕಿಸುತ್ತೇನೆ: 'ಕನ್ನಡ' ಎಂಬ ಪದದಲ್ಲಿ ಎಷ್ಟು ಅಕ್ಷರ? ಒಂದನೆಯ ತರಗತಿಯ ಮಗು ಮೂರು ಎನ್ನುತ್ತದೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರೂ ಐದು ಎನ್ನುತ್ತವೆ. ಸಿ ಪ್ಲಸ್ ಪ್ಲಸ್ ತನ್ನ ಸಾಮಾನ್ಯ ಲೆಕ್ಕದಲ್ಲಿ ಹದಿನೈದು ಎನ್ನುತ್ತದೆ! ಕಾರಣ ಇಷ್ಟೆ. ಯುನಿಕೋಡಿನ ಪದ್ಧತಿಯಲ್ಲಿ ಒತ್ತಕ್ಷರ ಎಂಬ ಬೇರೆ ಅಕ್ಷರವಿಲ್ಲ. ಕ, ನ, ಹಲಂತದ ಗುರುತು, ಮತ್ತೊಂದು ನ, ಡ ಎಂದು ಐದು ಸಂಕೇತಗಳು ಸಾಲಾಗಿ ನಿಲ್ಲುತ್ತವೆ. ಸಾಮಾನ್ಯವಾಗಿ ಕಡತದಲ್ಲಿ ಉಳಿಸುವಾಗ ಒಂದೊಂದು ಸಂಕೇತಕ್ಕೆ ಮೂರು ಬೈಟು; ಹಾಗೆ ಹದಿನೈದು. 'ಸ್ತ್ರೀ' ಎಂಬ ಒಂದೇ ಅಕ್ಷರವನ್ನು ಪೈಥಾನ್ ಆರು ಎಂದು ಎಣಿಸುತ್ತದೆ. ಛಂದಸ್ಸಿನ ಕೆಲಸಕ್ಕೆ ಇದನ್ನು ಹಾಗೆಯೇ ಬಿಟ್ಟರೆ ಗತಿಯೇನು? 'ಕನ್ನಡ' ಗುರು, ಲಘು, ಲಘು ಆಗಿ ಭಗಣವಾಗಬೇಕು. ಯಂತ್ರ ಹಲಂತಕ್ಕೂ ಒಂದು ಮಾತ್ರೆ ಕೊಟ್ಟು ಕೂರುತ್ತದೆ. ಆದ್ದರಿಂದ ಅಕ್ಷರ ಬಿಡಿಸುವ ನಿಯಮವನ್ನು ನಾವೇ ಬರೆದುಕೊಳ್ಳಬೇಕು. ಮತ್ತು ಬರೆದದ್ದು ಸರಿಯೇ ಎಂದು ಕನ್ನಡ ಬಲ್ಲವರು ಓದಿ ನೋಡಲು ಆಗಬೇಕು.

ಇಲ್ಲೇ ನಾನು ಪೈಥಾನಿನ ಪಕ್ಷ ಹಿಡಿದದ್ದು. ಹಾಲೆಂಡಿನ ಗೀಡೊ ವಾನ್ ರಾಸಮ್ ೧೯೯೧ರಲ್ಲಿ ಹೊರತಂದ ಈ ಭಾಷೆ ಓದುವುದಕ್ಕೆ ಸಲೀಸು. ಹುಡುಗ ಬರೆದ ಇಪ್ಪತ್ತೈದು ಸಾಲುಗಳನ್ನು ಎದುರಿಗಿಟ್ಟುಕೊಂಡು, ಒಂದೊಂದು ಸಾಲಿನ ಅರ್ಥ ಕೇಳುತ್ತ ಹೋದೆ. ಅರ್ಧ ಗಂಟೆಯಲ್ಲಿ ನಾನೇ ಓದತೊಡಗಿದೆ. ಆಗ ಸಿಕ್ಕಿತು ನೋಡಿ ಅವನ ತಪ್ಪು. ಹಳಗನ್ನಡದ 'ಮನದೊಳ್' ಎಂಬುದರ ಕೊನೆಯ ಳ್ ಅನ್ನು ಅವನು ಬೇರೆ ಅಕ್ಷರವೆಂದು ಎಣಿಸಿದ್ದ. ವ್ಯಂಜನಾಂತವಾದದ್ದು ಹಿಂದಿನ ಅಕ್ಷರದೊಡನೆ ಸೇರಿ ಗುರುವಾಗಬೇಕು. ಆಗ ಅದು ಎರಡು ಲಘು, ಒಂದು ಗುರುವಿನ ಸಗಣ. ಬೆಂಗಳೂರಿನ ದೊಡ್ಡ ಕಂಪನಿಯ ಎಂಜಿನಿಯರನ ಪ್ರೋಗ್ರಾಮಿನಲ್ಲಿ ಬಿ.ಎ., ಬಿ.ಎಡ್. ಮಾಡಿದ ಕನ್ನಡ ಟೀಚರು ತಪ್ಪು ಹಿಡಿಯಲು ಸಾಧ್ಯವಾದದ್ದು ಆ ಭಾಷೆ ಓದಲು ಬರುವಂತಿದ್ದುದರಿಂದ. ವಿಷಯ ಬಲ್ಲವರು ಓದಲಾಗದ ಭಾಷೆಯಲ್ಲಿ ಬರೆದಿದ್ದರೆ ಆ ತಪ್ಪು ನೂರು ಮಕ್ಕಳ ತಲೆಗೆ ಹೋಗುತ್ತಿತ್ತು.

ಪೈಥಾನನ್ನು ದೂರುವವರ ಮಾತೂ ಕೇಳಿದ್ದೇನೆ. ಅದು ನಿಧಾನವಂತೆ. ಇರಬಹುದು, ಆದರೆ ಎಂಟನೆಯ ತರಗತಿಯ ಮಗು ಒಂದು ಸಾಲು ಬೆರಳಚ್ಚಿಸುವ ವೇಗದ ಮುಂದೆ ಅದು ಜಿಂಕೆ. ಹಳೆಯ ಪೈಥಾನ್ ೨ನ್ನು ೨೦೨೦ರ ಜನವರಿ ೧ಕ್ಕೆ ನಿಲ್ಲಿಸಿದ್ದರಿಂದ ಬರೆದದ್ದನ್ನು ತಿದ್ದಬೇಕಾಯಿತು ಎಂಬುದು ನಿಜವಾದ ದೂರು. ಆದರೆ ಮೂಲಪಾಠ ಕೈಯಲ್ಲಿದ್ದವರು ತಿದ್ದಿಕೊಂಡರು. ಪೈಥಾನಿನ ಜೊತೆಗೇ ಬರುವ 'ಟಿಕೆ' ಎಂಬ ಸಲಕರಣೆಯಲ್ಲಿ ಹುಡುಗ ಮೊದಲು ಬರೆದಾಗ ಕನ್ನಡ ವಿಂಡೋಸಿನಲ್ಲಿ ಚೆನ್ನಾಗಿ ಬಂತು, ನಮ್ಮ ಉಬುಂಟುವಿನಲ್ಲಿ ಒತ್ತುಗಳೆಲ್ಲ ಕಿತ್ತುಬಂದವು. ಅದನ್ನು ಬಿಟ್ಟು ಪೈಥಾನಿನಿಂದಲೇ ಕ್ಯೂಟ್ ಬಳಸಿ ಬರೆದ. ಅಕ್ಷರಗಳನ್ನು ಜೋಡಿಸಲು ಅದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುವುದರಿಂದ ಮೂರೂ ಯಂತ್ರಗಳಲ್ಲಿ 'ಸ್ತ್ರೀ' ಸ್ತ್ರೀಯಾಗಿಯೇ ಬಂತು. ಮೂರು ಬಗೆಯ ಯಂತ್ರಕ್ಕೂ ಬೇರೆ ಬೇರೆಯಾಗಿ ಕಟ್ಟು ಕಟ್ಟಬೇಕಲ್ಲ ಎಂದು ಗೊಣಗಿದ. ಗೊಣಗಲಿ. ಅವನು ಮೂರು ಸಲ ಕಟ್ಟಿದರೆ ಮುಗಿಯಿತು. ಕಟ್ಟದಿದ್ದರೆ ಮಕ್ಕಳು ವರ್ಷಗಟ್ಟಲೆ ಕಾಯಬೇಕು. ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಗಣಕವಿಜ್ಞಾನದ ಪಠ್ಯದಲ್ಲಿ ಕಲಿಸುವುದೂ ಪೈಥಾನನ್ನೇ. ಅಂದರೆ ನಾಳೆ ಇವನು ಅಮೆರಿಕಕ್ಕೆ ಹಾರಿದರೂ ನಮ್ಮ ಊರಿನ ಯಾವಳೋ ಒಬ್ಬ ಹುಡುಗಿ ಇದನ್ನು ಓದಿ ಮುಂದುವರಿಸಬಲ್ಲಳು.

ದೊಡ್ಡವರೂ ಈ ಪಾಠವನ್ನು ಕಷ್ಟಪಟ್ಟೇ ಕಲಿತಿದ್ದಾರೆ. ಮಕ್ಕಳಿಗೆ ಪ್ರೋಗ್ರಾಂ ಕಲಿಸುವ ಸ್ಕ್ರಾಚ್ ಎಂಬುದನ್ನು ಅಮೆರಿಕದ ಎಂಐಟಿಯವರು ೨೦೦೭ರಲ್ಲಿ ಹೊರತಂದಾಗ ಸ್ಕ್ವೀಕ್ ಎಂಬುದರಲ್ಲಿ ಬರೆದಿದ್ದರು. ೨೦೧೩ರಲ್ಲಿ ಫ್ಲಾಶ್ ನೆಚ್ಚಿಕೊಂಡು ಹೊಸದಾಗಿ ಬರೆದರು. ಫ್ಲಾಶಿಗೆ ಅದರ ಕಂಪನಿ ೨೦೨೦ರ ಡಿಸೆಂಬರ್ ೩೧ಕ್ಕೆ ಎಳ್ಳುನೀರು ಬಿಡುವುದೆಂದು ಗೊತ್ತಾದ ಮೇಲೆ, ೨೦೧೯ರ ಜನವರಿಯಲ್ಲಿ ಜಾವಾಸ್ಕ್ರಿಪ್ಟಿನಲ್ಲಿ ಮೂರನೆಯ ರೂಪ ತಂದರು. ಎಂಐಟಿಗೆ ಮೂರು ಸಲ ಬರೆಯುವ ಶಕ್ತಿಯಿತ್ತು. ಫ್ಲಾಶಿನಲ್ಲಿ ಪಾಠಗಳನ್ನು ಬರೆದಿಟ್ಟಿದ್ದ ಸಣ್ಣಪುಟ್ಟವರ ಶ್ರಮ ಅಲ್ಲಲ್ಲೇ ಉಳಿಯಿತು. ನಮ್ಮಂಥವರಿಗೆ ಒಂದೇ ಸಲ ಬರೆಸುವ ಶಕ್ತಿ ಇರುವುದು. ಅದಕ್ಕೇ ನಾವು ಮೊದಲೇ ಯೋಚಿಸಬೇಕು.

ಪಟ್ಟಣಗಳಲ್ಲಿರುವ ನನ್ನ ಅಕ್ಕತಂಗಿಯರೇ, ನಿಮ್ಮ ಮಹಿಳಾ ಮಂಡಳಿಗೋ, ಹೊಲಿಗೆಯ ಅಂಗಡಿಗೋ, ಶಿಶುವಿಹಾರಕ್ಕೋ ಒಂದಲ್ಲ ಒಂದು ದಿನ ಯಾರಾದರೂ ಪ್ರೋಗ್ರಾಂ ಬರೆದುಕೊಡಲು ಬಂದೇ ಬರುತ್ತಾರೆ. ಮಗನೇ ಇರಬಹುದು, ಅಳಿಯನೇ ಇರಬಹುದು. ಬಂದವರಿಗೆ ಕಾಫಿ ಕೊಡಿ, ಕೊಟ್ಟು ನಾಲ್ಕು ಪ್ರಶ್ನೆ ಕೇಳಿ. ಇದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆಯೇ? ಎರಡು ಗಿಗಾಬೈಟಿನ ಹಳೆಯ ಯಂತ್ರದಲ್ಲಿ ನನ್ನ ಕಣ್ಣೆದುರಿಗೆ ನಡೆಸಿ, 'ಸ್ತ್ರೀ' ಎಂದು ಬರೆದು ತೋರಿಸುತ್ತೀರಾ? ಒಳಗೆ ತುಂಬಿದ ಲೆಕ್ಕವನ್ನು ನಿಮ್ಮ ಪ್ರೋಗ್ರಾಂ ಇಲ್ಲದೆಯೂ ಓದಬಹುದಾದ ಸಾದಾ ಕಡತವಾಗಿ ಹೊರತೆಗೆಯಬಹುದೇ? ಮೂಲಪಾಠವನ್ನು ನಮ್ಮ ಕೈಗೆ ಕೊಟ್ಟು ಹೋಗುತ್ತೀರಾ? 'ಅದೆಲ್ಲ ನಿಮಗೆ ಅರ್ಥವಾಗುವುದಿಲ್ಲ' ಎಂದರೆ, ಅರ್ಥವಾಗುವಂತೆ ಹೇಳಬಲ್ಲವರನ್ನು ಹುಡುಕುತ್ತೇವೆ ಎಂದು ಹೇಳಿ ಕಳಿಸಿ. ಉತ್ತರ ಕೊಟ್ಟರೆ ಅದನ್ನು ಕಾಗದದ ಮೇಲೆ ಬರೆಸಿ, ಸಹಿ ಹಾಕಿಸಿಕೊಂಡು, ಆಮೇಲೆ ಮುಂಗಡ ಕೊಡಿ.